ಭಾವನ ಜನವರಿ

ನಮ್ಮ ಭಾವನಷ್ಟು ಒಳ್ಳೆಯ ಮನುಷ್ಯ ಈ ಕುವೈತಿನಲ್ಲಿ ಇನ್ನೊಬ್ಬರಿಲ್ಲ, ಫೆಬ್ರವರಿಯಿಂದ ಡಿಸೆಂಬರಿನವರೆಗೆ! ಆ ತಿಂಗಳುಗಳಲ್ಲಿ ನೀವು ಅವರ ಮನೆಗೆ ಯಾವಾಗ ಬೇಕಾದರೂ ಹೋಗಿ. ಚಹಾ ಕೊಡುತ್ತಾರೆ, ಊರಿನ ಸುದ್ದಿ ಕೇಳುತ್ತಾರೆ, ಹೊರಟಾಗ ಲಿಫ್ಟಿನವರೆಗೆ ಬಂದು ಬೀಳ್ಕೊಡುತ್ತಾರೆ. ಜನವರಿಯಲ್ಲಿ ಮಾತ್ರ ದಯವಿಟ್ಟು ಹೋಗಬೇಡಿ. ಹೋದಿರೋ, ಚಹಾದ ಕಪ್ಪಿನ ಬದಲು ಏಣಿಯ ಕಾಲು ನಿಮ್ಮ ಕೈಗೆ ಬರುತ್ತದೆ. "ಸ್ವಲ್ಪ ಹಿಡ್ಕೊಳ್ಳಿ, ಈಗ ಆಯ್ತು" ಎನ್ನುತ್ತಾರೆ. ಅವರ 'ಈಗ' ಮುಗಿಯುವಷ್ಟರಲ್ಲಿ ನಿಮ್ಮ ಇಕಾಮಾದ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ, ಅವಧಿಯೇ ಮುಗಿದುಹೋದರೂ ಆಶ್ಚರ್ಯವಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಶರ್ಕ್‌ನ ಒಂದು ಎತ್ತರದ ಕಟ್ಟಡದಲ್ಲಿ ಅವರ ಆಫೀಸು. ಅಲ್ಲಿ ಟೈ ಕಟ್ಟಿಕೊಂಡು ಕೂರುತ್ತಾರೆ. ಮೇಜಿನ ಮೇಲಿನ ದೀಪ ಉರಿಯದಿದ್ದರೆ ಫೋನ್ ಮಾಡುತ್ತಾರೆ, ಯಾರೋ ಬಂದು ಸರಿಮಾಡಿ ಹೋಗುತ್ತಾರೆ. ಇಡೀ ದಿನ ಒಂದು ಸ್ಕ್ರೂ ಕೂಡ ಮುಟ್ಟದ ಆ ಕೈಗಳು ರಿಗ್ಗೈಯ ಬಾಡಿಗೆ ಫ್ಲ್ಯಾಟಿಗೆ ಬಂದಕೂಡಲೇ ತುರಿಸತೊಡಗುತ್ತವೆ. ಆ ತುರಿಕೆ ಉಲ್ಬಣಿಸುವುದು ಹೊಸ ವರ್ಷಕ್ಕೆ.

ಹೊಸ ವರ್ಷಕ್ಕೆ ಎಲ್ಲರೂ ಏನಾದರೊಂದು ಗುರಿ ಇಟ್ಟುಕೊಳ್ಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಒಬ್ಬರು ಸಕ್ಕರೆ ಬಿಡುತ್ತಾರೆ, ಇನ್ನೊಬ್ಬರು ಕಡಲ ಬದಿಯಲ್ಲಿ ನಡೆಯಲು ಹೊಸ ಶೂ ಕೊಳ್ಳುತ್ತಾರೆ. ಒಂದು ವಾರದಲ್ಲಿ ಸಕ್ಕರೆ ವಾಪಸು ಬರುತ್ತದೆ, ಶೂ ಬಾಗಿಲ ಹಿಂದೆ ಸೇರುತ್ತದೆ, ಯಾರಿಗೂ ನಷ್ಟವಿಲ್ಲ. ನಮ್ಮ ಭಾವನ ಗುರಿ ಹಾಗಲ್ಲ. ಅದು ಮನೆಯ ಸುಧಾರಣೆ! ಡಿಸೆಂಬರ್ ಕೊನೆಯ ದಿನ ಸಂಜೆ ಅವರ ಮನೆಯಲ್ಲಿ ನಮಗೆಲ್ಲ ಕೋರಿ ರೊಟ್ಟಿಯ ಊಟ. ಊಟ ಮುಗಿದು ಕೈ ತೊಳೆದ ಮೇಲೆ ಭಾವ ಬಜೆಟ್ ಮಂಡಿಸುವ ಮಂತ್ರಿಯ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ ಸದ್ದು ಕೇಳಿದೊಡನೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸುತ್ತಾಳೆ.

"ಈ ವರ್ಷದ ಗುರಿ..." ಎಂದು ಭಾವ ಶುರುಮಾಡುತ್ತಾರೆ.

"ಅಯ್ಯೋ ದೇವರೇ" ಎಂದು ಒಳಗಿನಿಂದ ಅಕ್ಕ.

"ಪಪ್ಪಾ, ಪ್ಲೀಸ್ ಡೋಂಟ್!" ಎಂದು ಮಗಳು.

ಇದು ಬಾಡಿಗೆ ಮನೆ, ನಾಳೆ ಹೋಗು ಎಂದರೆ ಹೋಗಬೇಕು, ಇದಕ್ಕೆ ಯಾಕೆ ಇಷ್ಟೆಲ್ಲ ಎಂದು ನಾನೂ ಒಮ್ಮೆ ಕೇಳಿದ್ದೆ. ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮನೆ ಬಾಡಿಗೆದ್ದು ಸರಿ ಮಾರಾಯ. ನಾವು ಬದುಕುವುದೂ ಬಾಡಿಗೆಗಾ?"

ಆಗ ನಾನು ಅವರ ಮೇಲಿನ ಮಹಡಿಯಲ್ಲಿದ್ದೆ. ನಮ್ಮ ಮನೆಯಲ್ಲಿ ಮಡಚುವ ಮೇಜು, ಯಾರೋ ಊರಿಗೆ ಹೋಗುವಾಗ ಬಿಟ್ಟುಹೋದ ಸೋಫಾ, ಪ್ಲಾಸ್ಟಿಕ್ ಕುರ್ಚಿ. ಮುಂದಿನ ವರ್ಷ ಊರಿಗೆ ಹೋಗುವವರೇ ಅಲ್ಲವೇ ನಾವು! ಹಾಗೆಂದು ಹೇಳುತ್ತ ಹೇಳುತ್ತ ಪ್ಲಾಸ್ಟಿಕ್ ಕುರ್ಚಿಯೇ ಹಳತಾಗಿ ಬಿರುಕು ಬಿಟ್ಟಿತ್ತು. ಅದರ ಬಿರುಕಿಗೆ ಬಟ್ಟೆ ಸಿಕ್ಕಿಸಿಕೊಂಡು ಕೂತೇ ನಾವು ಭಾವನನ್ನು ನೋಡಿ ನಗುತ್ತಿದ್ದದ್ದು.

ಆದರೂ ನಗದೆ ಇರುವುದು ಹೇಗೆ ಹೇಳಿ? ಮೊದಲು ಗೋಡೆಯ ಕತೆ ಕೇಳಿ.

ಆ ವರ್ಷದ ಗುರಿ, ಹಾಲಿನ ಒಂದು ಗೋಡೆಗೆ ಸಮುದ್ರದ ಬಣ್ಣ. ಬಣ್ಣ ತರಲು ಶುವೈಖ್‌ಗೆ ಹೋಗಬೇಕೆಂದರು, ಕಾರು ನನ್ನದು. ಅಲ್ಲಿನ ಗ್ಯಾರೇಜುಗಳು, ಗೋದಾಮುಗಳ ನಡುವೆ ಸುತ್ತಿ ಸುತ್ತಿ ಕೊನೆಗೆ ಬಂದರಿನ ಕಡೆ ಒಂದು ಅಂಗಡಿಗೆ ಹೊಕ್ಕರು. ಅಂಗಡಿಯವನು ನೀಲಿ ಬಣ್ಣದ ದೊಡ್ಡ ಡಬ್ಬಿ ಎತ್ತಿ ಇಟ್ಟ. "ಭಾಯಿ, ಇದು ಹಡಗಿಗೆ ಹೊಡೆಯುವ ಪೇಂಟು, ಮನೆಗಲ್ಲ" ಎಂದು ಪ್ರಾಮಾಣಿಕವಾಗಿಯೇ ಹಿಂದಿಯಲ್ಲಿ ಹೇಳಿದ. ಭಾವನ ಕಣ್ಣು ಹೊಳೆಯಿತು!

"ಕೇಳಿದ್ಯಾ? ಸಮುದ್ರದ ಉಪ್ಪುನೀರಿನಲ್ಲೇ ಏನೂ ಆಗುವುದಿಲ್ಲವಂತೆ. ನಮ್ಮ ಹಾಲಿನಲ್ಲಿ ಎಂತ ಆದೀತು?"

ಆದದ್ದಿಷ್ಟೇ, ಬಣ್ಣ ಒಣಗಲಿಲ್ಲ. ಹಡಗಿಗೆ ಬಿಸಿಲು ಗಾಳಿ ಇರುತ್ತದೆ. ಕಿಟಕಿ ಮುಚ್ಚಿದ ಹಾಲಿಗೆ ಜನವರಿಯ ಚಳಿಯಲ್ಲಿ ಏನಿರುತ್ತದೆ? ವಾರ ಕಳೆದರೂ ಗೋಡೆ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು. ಅಕ್ಕ ಗೋಡೆಯ ಉದ್ದಕ್ಕೂ ಸ್ಟೂಲುಗಳನ್ನು ಅಡ್ಡ ಇಟ್ಟಳು. ಅಷ್ಟರಲ್ಲಿ ನಮ್ಮ ಊರಿನವರ ಕೂಟದ ಅಧ್ಯಕ್ಷರು ಒಂದು ಸಂಜೆ ಬಂದರು. ಕಾರ್ಯಕ್ರಮಕ್ಕೆ ಹೊರಟವರು, ದಾರಿಯಲ್ಲಿ ನಮ್ಮನ್ನು ಕರೆದುಕೊಂಡು ಹೋಗಲು ಬಂದದ್ದು. ಮೈಮೇಲೆ ಹೊಸ ಬಿಳಿ ಕೋಟು. ಅಕ್ಕ ಚಹಾ ತರುವಷ್ಟರಲ್ಲಿ ಅವರು ಅಡ್ಡ ಇಟ್ಟಿದ್ದ ಒಂದು ಸ್ಟೂಲಿನ ಮೇಲೆಯೇ ಕೂತು ಹಾಯಾಗಿ ಹಿಂದಿನ ಗೋಡೆಗೆ ಒರಗಿಬಿಟ್ಟಿದ್ದರು. ಏಳುವಾಗ ಬಂದ ಸದ್ದನ್ನು ನಾನು ಇಲ್ಲಿ ಬರೆಯಲಾರೆ.

ಹೇಳೋಣವೇ, ಬೇಡವೇ? ನಾನು ಅಕ್ಕನ ಮುಖ ನೋಡಿದೆ, ಅಕ್ಕ ಭಾವನ ಮುಖ ನೋಡಿದಳು, ಭಾವ ಗೋಡೆ ನೋಡುತ್ತಿದ್ದರು. ಹೇಳದೆಯೇ ಹೊರಟೆವು. ಸಭೆಯಲ್ಲಿ ಅಧ್ಯಕ್ಷರು ದೀಪ ಹಚ್ಚಲು ತಿರುಗಿ ನಿಂತರು ನೋಡಿ, ಬೆನ್ನ ತುಂಬ ಅರಬ್ಬೀ ಸಮುದ್ರ! ನನ್ನ ಪಕ್ಕದಲ್ಲಿ ಕೂತಿದ್ದ ಭಾವ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು.

"ನೋಡು, ಎಲ್ಲ ಕಡೆ ಒಂದೇ ಸಮ ಬಂದಿದೆ ಅಲ್ವಾ ಕಲರು?"

ಮರುವರ್ಷ ಅಡುಗೆಮನೆಯ ಬಾಗಿಲಿನ ಸರದಿ. ಯಾವುದೋ ವಿಡಿಯೊದಲ್ಲಿ ಬಾಗಿಲಿಲ್ಲದ ಅಡುಗೆಮನೆ ನೋಡಿದ್ದರು. ಓಪನ್ ಕಿಚನ್! ಅಲ್ಲಿ ಒಬ್ಬಳು ತೆಳ್ಳಗಿನ ಹೆಂಗಸು ಸೌತೆಕಾಯಿ ಹೆಚ್ಚುತ್ತಿದ್ದಳಂತೆ, ಗಂಡ ಸೋಫಾದಲ್ಲಿ ಕೂತು ಅವಳೊಡನೆ ಮಾತಾಡುತ್ತಿದ್ದನಂತೆ. ಭಾವ ಬಾಗಿಲು ಕಳಚಿಯೇಬಿಟ್ಟರು. ವಿಡಿಯೊದ ಹೆಂಗಸು ಸೌತೆಕಾಯಿ ಹೆಚ್ಚಿದಳು, ಸರಿ. ನಮ್ಮ ಅಕ್ಕ ಹುರಿಯುವುದು ಬಂಗುಡೆ! ಒಂದು ವಾರದಲ್ಲಿ ಸೋಫಾ ಬಂಗುಡೆ, ಪರದೆ ಬಂಗುಡೆ, ದಿಂಬು ಬಂಗುಡೆ. ಟಿವಿಯಲ್ಲಿ ವಾರ್ತೆ ಓದುವವಳೂ ಮೂಗು ಮುಚ್ಚಿಕೊಂಡ ಹಾಗೆ ಕಾಣುತ್ತಿದ್ದಳು. ಮಗಳು ಶಾಲೆಯಿಂದ ಬಂದು ಚೀಲ ಎಸೆದಳು.

"ಮೈ ಫ್ರೆಂಡ್ಸ್ ಕಾಲ್ ಮಿ ಫಿಶ್ ಫ್ರೈ, ಪಪ್ಪಾ!"

"ಇರಲಿ ಮಗಾ, ಪ್ರೀತಿಯಿಂದ ಕರೆಯುವುದು" ಎಂದರು ಭಾವ.

ಬಾಗಿಲು ವಾಪಸು ಹಾಕಿ ಎಂದಳು ಅಕ್ಕ. ಹಾಕುವುದು ಹೇಗೆ? ಬಾಗಿಲಿಗೆ ಅಷ್ಟರಲ್ಲೇ ನಾಲ್ಕು ಕಾಲು ಬಡಿದು ಮಗಳಿಗೆ ಓದುವ ಮೇಜು ಮಾಡಿಯಾಗಿತ್ತು! ಹಿಡಿಕೆ ಮಾತ್ರ ತೆಗೆಯಲು ಬಂದಿರಲಿಲ್ಲ. ಪಾಪದ ಹುಡುಗಿ, ಲೆಕ್ಕ ಮಾಡುವಾಗಲೆಲ್ಲ ಮೊಣಕೈಗೆ ಹಿಡಿಕೆ ತಾಗಿ "ಔಚ್" ಎನ್ನುತ್ತಿದ್ದಳು. ಒಂದು ದಿನ ನಾನು ಹೋದಾಗ ಸಿಟ್ಟಿನಿಂದ ಹಿಡಿಕೆ ತಿರುಗಿಸಿ, "ಐ ವಾಂಟ್ ಟು ಗೋ ಔಟ್" ಎಂದಳು.

ಇವೆಲ್ಲ ಸಣ್ಣ ಪುಟ್ಟ ಅನಾಹುತಗಳು. ಭಾವನ ಹೆಸರು ಕಟ್ಟಡದ ತುಂಬ ಹಬ್ಬಿದ್ದು ಡ್ರಿಲ್ ಕೊಂಡ ವರ್ಷ.

ವಾಷಿಂಗ್ ಮೆಷಿನ್ನಿನ ಮೇಲೆ ಒಂದು ಶೆಲ್ಫ್ ಹಾಕುವುದು ಆ ವರ್ಷದ ಗುರಿ. ಬಚ್ಚಲ ಗೋಡೆ, ಒಳಗೆ ಪೈಪ್ ಇರುತ್ತದೆ, ಗೊತ್ತಿದ್ದವರನ್ನು ಕರೆಸೋಣ ಎಂದೆ ನಾನು. ಭಾವ ಗೋಡೆಗೆ ಕಿವಿಯಿಟ್ಟು, ಬೆರಳಿನಿಂದ ಅಲ್ಲಿ ಇಲ್ಲಿ ಬಡಿದು, ಎದೆ ಪರೀಕ್ಷಿಸುವ ಡಾಕ್ಟರ ಹಾಗೆ ಕಣ್ಣು ಮುಚ್ಚಿದರು.

"ಇಲ್ಲಿ ಪೈಪ್ ಇಲ್ಲ. ಗ್ಯಾರಂಟಿ."

ಪೈಪ್ ಅಲ್ಲೇ ಇತ್ತು. ಅದೂ ಸಾಮಾನ್ಯ ಪೈಪಲ್ಲ, ಇಡೀ ಕಟ್ಟಡಕ್ಕೆ ನೀರು ಹೋಗುವ ದೊಡ್ಡ ಪೈಪು! ನೀರು ಭಾವನ ಹಣೆಗೇ ಗುರಿಯಿಟ್ಟು ಹೊಡೆಯಿತು. ಅವರು ಹೆಬ್ಬೆರಳಿನಿಂದ ತೂತು ಮುಚ್ಚಿದರು, ನೀರು ಪಕ್ಕದಿಂದ ನನ್ನ ಮೇಲೆ ತಿರುಗಿತು. ಅಕ್ಕ ಬಕೆಟ್ ಹುಡುಕಿದಳು. ಬಕೆಟಿನಲ್ಲಿ ಸಿಮೆಂಟ್ ಕಲಸಿಟ್ಟಿದ್ದರು ಪುಣ್ಯಾತ್ಮರು! ಐದು ನಿಮಿಷದಲ್ಲಿ ನೀರು ಹಾಲ್ ದಾಟಿ, ಮೆಟ್ಟಿಲಿಳಿದು, ಕೆಳಗಿನ ಮನೆಯವರ ಬಾಗಿಲು ತಟ್ಟಿತು. ಕಟ್ಟಡ ನೋಡಿಕೊಳ್ಳುವ ಹಾರಿಸ್, ಈಜಿಪ್ಟಿನವನು, ಗಲಾಬಿಯ ಎಂಬ ತನ್ನ ಉದ್ದನೆಯ ನಿಲುವಂಗಿಯನ್ನು ಲುಂಗಿಯ ಹಾಗೆ ಎತ್ತಿ ಕಟ್ಟಿಕೊಂಡು ಬಾಗಿಲಿಗೆ ಬಂದು ಕೂಗತೊಡಗಿದ.

"ಮಯ್ಯಾ! ಮಯ್ಯಾ!"

ಅವನ ಭಾಷೆಯಲ್ಲಿ ಮಯ್ಯಾ ಎಂದರೆ ನೀರು. ಭಾವನಿಗೆ ಇದು ಗೊತ್ತಿಲ್ಲದ್ದೇನಲ್ಲ, ಇಷ್ಟು ವರ್ಷ ಈ ದೇಶದ ನೀರು ಕುಡಿದವರು. ಆದರೆ ಗೋಡೆಯ ತೂತಿಗೆ ಹೆಬ್ಬೆರಳು ಕೊಟ್ಟು ನಿಂತವನಿಗೆ ಅರಬ್ಬಿ ಎಲ್ಲಿ ನೆನಪಾಗಬೇಕು? ಅಲ್ಲಿಂದಲೇ ಕಿರುಚಿದರು.

"ಮಯ್ಯರು ಯಾರೂ ಇಲ್ಲಿ ಇಲ್ಲ, ಬೇರೆ ಫ್ಲ್ಯಾಟಲ್ಲಿ ಕೇಳು ಅಂತ ಹೇಳೋ ಅವನಿಗೆ!"

ಆ ದಿನ ಅಕ್ಕ ನಗಲಿಲ್ಲ. ಊರಿನಿಂದ ತಂದ ಅವಳ ಒಂದು ಚಾಪೆ, ಅಕ್ಕಿಯ ಚೀಲ, ಮಗಳ ಪುಸ್ತಕ ಎಲ್ಲ ತೊಯ್ದಿದ್ದವು. ಕೆಳಗಿನ ಮನೆಯವರ ಮುಂದೆ ಹೋಗಿ ತಲೆತಗ್ಗಿಸಿ ನಿಂತವಳೂ ಅವಳೇ. ಆಮೇಲೆ ಬಹಳ ದಿನ ಅವಳು ಗಂಡನೊಡನೆ ನೇರ ಮಾತಾಡಲಿಲ್ಲ. "ಊಟಕ್ಕೆ ಬರ್ಲಿಕ್ಕೆ ಹೇಳು ನಿನ್ನ ಇಂಜಿನಿಯರಿಗೆ" ಎಂದು ಮಗಳ ಮೂಲಕ ಸಂದೇಶ. ನಾನು ಒಮ್ಮೆ ಹೋದಾಗ, "ಇವರನ್ನು ಕಟ್ಟಿಕೊಂಡದ್ದಕ್ಕೆ ಒಂದು ಮನೆ ಅಂತ ನೆಟ್ಟಗೆ ಇಟ್ಟುಕೊಳ್ಳುವ ಹಾಗಿಲ್ಲ ನೋಡು" ಎಂದು ಗಂಡನಿಗೆ ಕೇಳುವ ಹಾಗೆಯೇ ಹೇಳಿದಳು. ಭಾವ ಪೇಪರು ಓದುತ್ತಿದ್ದರು. ಪುಟ ತಿರುಗಿಸಲಿಲ್ಲ.

ಅಷ್ಟಾದರೂ ಮುಂದಿನ ಡಿಸೆಂಬರಿನಲ್ಲಿ ಗಂಟಲು ಸರಿಮಾಡಿಕೊಂಡರು ಎನ್ನಿ! ಬಾಲ್ಕನಿಯಲ್ಲಿ ಬಸಳೆ ಚಪ್ಪರ ಕಟ್ಟಿದರು, ಮರಳುಗಾಳಿಗೆ ಚಪ್ಪರ ಹಾರಿ ಯಾರದೋ ಕಾರಿನ ಮೇಲೆ ಕೂತಿತು. ಕಾರಿನವನು ಬೈದು ಹೋದದ್ದಕ್ಕಿಂತ, ಅವನು ಬಸಳೆಯನ್ನೂ ಹೊತ್ತುಕೊಂಡೇ ಹೋದನಲ್ಲ ಎಂಬುದು ಭಾವನ ದುಃಖ.

ಹೀಗಿರುವಾಗ ಕಳೆದ ವರ್ಷ ಕಟ್ಟಡದ ಮಾಲೀಕರಿಂದ ಸುದ್ದಿ ಬಂತು. ಕಟ್ಟಡ ಹಳತಾಗಿದೆ, ಕೆಡವುತ್ತಾರೆ, ಎಲ್ಲರೂ ಖಾಲಿ ಮಾಡಬೇಕು. ಹಾರಿಸ್ ಮನೆ ಮನೆಗೆ ಬಂದು ಎರಡೂ ಕೈ ಝಾಡಿಸಿ "ಖಲಾಸ್" ಎಂದ. ನಮ್ಮ ಮನೆಯ ಮುಂದೆ ನಿಂತಾಗ ಮಾತ್ರ ಕೆಳಗಿನ ಮಹಡಿಯ ಕಡೆ ಬೆರಳು ತೋರಿಸಿ ನಿಟ್ಟುಸಿರು ಬಿಟ್ಟ. ಇಡೀ ಕಟ್ಟಡದ ಅಭಿಪ್ರಾಯವೂ ಅದೇ ಆಗಿತ್ತು. ಯಂತ್ರ ತರಿಸುವ ಅಗತ್ಯವಿಲ್ಲ, ನಿಮ್ಮ ಭಾವನಿಗೆ ಇನ್ನೊಂದು ಜನವರಿ ಬಿಟ್ಟುಕೊಟ್ಟರೆ ಸಾಕು!

ಅಕ್ಕನವರಿಗೆ ಎರಡು ಬೀದಿ ಆಚೆ ಹೊಸ ಕಟ್ಟಡದಲ್ಲಿ ಮನೆ ಸಿಕ್ಕಿತು. ನಮಗೆ ಅದರ ಎದುರು ಇನ್ನೊಂದು. ಅಕ್ಕನ ಹೊಸ ಮನೆ ನೋಡಬೇಕು ನೀವು! ಹಾಲಿನಂಥ ಬಿಳಿ ಗೋಡೆ, ಮುಖ ಕಾಣುವ ಟೈಲ್ಸ್, ಸದ್ದಿಲ್ಲದೆ ಮುಚ್ಚುವ ಕಪಾಟುಗಳು. ಕೀ ಕೊಡುವಾಗ ಏಜೆಂಟ್ ಬೆರಳೆತ್ತಿ ಹೇಳಿದ.

"ಸರ್, ನೋ ಪೇಂಟ್, ನೋ ಡ್ರಿಲ್. ಒಂದು ಮೊಳೆ ಕೂಡ ಹೊಡೆಯುವ ಹಾಗಿಲ್ಲ."

ಅಕ್ಕ ಅವನಿಗೆ ಕೈ ಮುಗಿಯುವುದೊಂದು ಬಾಕಿ! ಮಗಳು "ಫೈನಲಿ, ಎ ನಾರ್ಮಲ್ ಹೌಸ್" ಎಂದು ಕುಣಿದಳು. ನಾನಂತೂ ಇನ್ನು ಮೇಲೆ ಶನಿವಾರಗಳಂದು ನಿದ್ದೆ ಮಾಡಬಹುದೆಂದು ಖುಷಿಪಟ್ಟೆ. ಭಾವ ಒಂದು ಗೋಡೆಯನ್ನು ಬೆರಳಿನಿಂದ ಮೆಲ್ಲಗೆ ಬಡಿದು ನೋಡಿದರು. ಏಜೆಂಟ್ ಕೆಮ್ಮಿದ. ಭಾವ ಕೈಯನ್ನು ಜೇಬಿಗೆ ಹಾಕಿಕೊಂಡರು.

ಆ ಮೇಲೆ ಅವರ ಕೈ ಜೇಬಿನಿಂದ ಹೊರಗೆ ಬಂದದ್ದು ಕಡಿಮೆ. ಆಫೀಸಿನಿಂದ ಬಂದು ಸೋಫಾದ ಒಂದು ತುದಿಯಲ್ಲಿ ಕೂರುತ್ತಾರೆ, ಫೋನು ನೋಡುತ್ತಾರೆ, ಊಟ ಮಾಡುತ್ತಾರೆ, ಮಲಗುತ್ತಾರೆ. ನಮ್ಮೆಲ್ಲರ ಹಾಗೆ! ಡ್ರಿಲ್ಲು ಮಂಚದ ಕೆಳಗೆ ಸೇರಿತು. ಅಂತೂ ಭಾವನಿಗೆ ಬುದ್ಧಿ ಬಂತು ಎಂದು ನಾನು ಎಲ್ಲರೆದುರು ಹೇಳಿಕೊಂಡು ತಿರುಗಿದೆ.

ಡಿಸೆಂಬರ್ ಕೊನೆಯ ಸಂಜೆ ಎಂದಿನಂತೆ ಕೋರಿ ರೊಟ್ಟಿ. ಊಟ ಮುಗಿಯಿತು. ನಾವೆಲ್ಲ ಭಾವನ ಗಂಟಲಿನ ಕಡೆ ಕಿವಿಯಿಟ್ಟು ಕೂತೆವು. ಸದ್ದೇ ಇಲ್ಲ. ಕೊನೆಗೆ ನಾನೇ ಕೆಣಕಿದೆ.

"ಎಂತ ಭಾವ, ಈ ವರ್ಷದ ಗುರಿ?"

"ಈ ವರ್ಷ ಎಂತದ್ದೂ ಇಲ್ಲ ಮಾರಾಯ. ಎಲ್ಲ ಸರಿಯೇ ಉಂಟಲ್ಲ."

ನಾವು ಚಪ್ಪಾಳೆ ಹೊಡೆದೆವು! ಮಗಳು "ಬೆಸ್ಟ್ ನ್ಯೂ ಇಯರ್ ಎವರ್" ಎಂದಳು. ಕುವೈತಿನ ಗೋಡೆಗಳೆಲ್ಲ ಸೇರಿ ಇವತ್ತು ಸಿಹಿ ಹಂಚುತ್ತಿವೆಯಂತೆ ಎಂದು ನಾನು ಜೋಕು ಮಾಡಿದೆ. ಭಾವನೂ ನಕ್ಕರು. ನಕ್ಕು, ತೊಳೆದಿದ್ದ ಕೈಯನ್ನೇ ಮತ್ತೊಮ್ಮೆ ತೊಳೆಯಲು ಎದ್ದುಹೋದರು. ಅಕ್ಕ ಅವರು ಹೋದ ಕಡೆಗೇ ನೋಡುತ್ತ ನಿಂತಿದ್ದಳು. ಪಾತ್ರೆ ತೊಳೆಯುವ ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

ಅದಾದ ಮುಂದಿನ ಶನಿವಾರ ಬೆಳಿಗ್ಗೆ ನಾನು ಅಕ್ಕನ ಮನೆಗೆ ಹೋದೆ. ಭಾವ ಖುಬೂಸ್ ರೊಟ್ಟಿ ತರಲು ಕೆಳಗೆ ಹೋಗಿದ್ದರು. ಬಾಗಿಲು ತೆರೆದ ಮಗಳು ಅಡುಗೆಮನೆ ಕಡೆ ಕೈ ತೋರಿಸಿ ತನ್ನ ಕೋಣೆಗೆ ಹೋದಳು. ಒಳಗೆ ಹೋಗಿ ನೋಡುತ್ತೇನೆ, ಅಕ್ಕ ಸ್ಟೂಲಿನ ಮೇಲೆ ನಿಂತಿದ್ದಾಳೆ! ಕೈಯಲ್ಲಿ ಸ್ಕ್ರೂಡ್ರೈವರು. ಮೇಲಿನ ಕಪಾಟಿನ ಬಾಗಿಲನ್ನು ಭುಜದಿಂದ ತಡೆದುಕೊಂಡು, ನಾಲಗೆ ಕಚ್ಚಿಕೊಂಡು, ಕೀಲಿನ ಸ್ಕ್ರೂ ತಿರುಗಿಸುತ್ತಿದ್ದಾಳೆ.

"ಅಕ್ಕಾ, ಎಂತ ಮಾಡ್ತಿದ್ದಿ?"

"ಶ್! ಬೊಬ್ಬೆ ಹಾಕ್ಬೇಡ. ಅವರು ಈಗ ಬರ್ತಾರೆ."

"ಬಾಗಿಲು ಗಟ್ಟಿ ಮಾಡ್ತಾ ಇದ್ದಿಯಾ? ಕೊಡು ಇಲ್ಲಿ."

"ಗಟ್ಟಿ ಉಂಟು ಮಾರಾಯ, ಅದೇ ತಾಪತ್ರಯ. ಸಡಿಲ ಮಾಡ್ತಾ ಇದ್ದೇನೆ."

ಅವಳು ನನ್ನ ಮುಖ ನೋಡದೆ ಸ್ಕ್ರೂ ತಿರುಗಿಸುತ್ತಲೇ ಮಾತಾಡಿದಳು.

"ಮದುವೆಯಾಗಿ ಬಂದಾಗ ನಮಗೆ ಇದ್ದದ್ದು ಒಂದು ರೂಮು, ಇನ್ನೊಬ್ಬರ ಫ್ಲ್ಯಾಟಿನಲ್ಲಿ. ಬಟ್ಟೆ ನೇತುಹಾಕ್ಲಿಕ್ಕೆ ಒಂದು ಮೊಳೆ ಹೊಡೆದದ್ದಕ್ಕೆ ಆ ಮನೆಯವ ಇವರನ್ನು ನನ್ನೆದುರೇ ಬೈದಿದ್ದ. ಇವರು ಮೊಳೆ ಕಿತ್ತು, ಆ ತೂತಿಗೆ ಟೂತ್‌ಪೇಸ್ಟ್ ತುಂಬಿಸಿ ಕೊಟ್ರು. ಆಮೇಲೆ ನಂಗೆ ಹೇಳಿದ್ರು, ನಮ್ಮದು ಅಂತ ಒಂದು ಗೋಡೆ ಸಿಗ್ಲಿ, ನಿಂಗೆ ಬೇಕಾದ್ದೆಲ್ಲ ನಾನೇ ಕೈಯಾರೆ ಮಾಡಿಕೊಡ್ತೇನೆ ಅಂತ."

ಸ್ಕ್ರೂವನ್ನು ಇನ್ನೊಂದು ಸುತ್ತು ತಿರುಗಿಸಿದಳು.

"ನಂಗೆ ಬೇಕಾದ್ದು ಒಂದೂ ಮಾಡ್ಲಿಲ್ಲ ಬಿಡು, ಎಲ್ಲ ಹಾಳು ಮಾಡಿದ್ದೇ. ಆದ್ರೆ ಈ ಮನೆಗೆ ಬಂದ ಮೇಲೆ ನೋಡಿದ್ಯಾ ಅವರನ್ನು? ತಮ್ಮ ಮನೆಯಲ್ಲೇ ನೆಂಟರ ಹಾಗೆ ಕೂತಿರ್ತಾರೆ. ನೀರು ಬೇಕಾದ್ರೂ ಕೇಳಿ ಕುಡೀತಾರೆ. ನಂಗೆ ನೋಡ್ಲಿಕ್ಕೆ ಆಗುದಿಲ್ಲ."

ಸ್ಕ್ರೂ ಕಳಚಿ ಅವಳ ಕೈಗೆ ಬಂತು. ಅಷ್ಟರಲ್ಲಿ ಬಾಗಿಲ ಬೀಗದ ಸದ್ದು. ಅಕ್ಕ ಸ್ಟೂಲಿನಿಂದ ಇಳಿದು, ಸ್ಕ್ರೂಡ್ರೈವರನ್ನು ಅಕ್ಕಿಯ ಡಬ್ಬಿಗೆ ತುರುಕಿ, ದೊಡ್ಡ ಸ್ವರ ತೆಗೆದಳು.

"ನೋಡಿ! ಬನ್ನಿ ಇಲ್ಲಿ! ಹೊಸ ಮನೆಯಂತೆ ಹೊಸ ಮನೆ. ಈ ಬಾಗಿಲು ನನ್ನ ತಲೆ ಮೇಲೆ ಬೀಳುದೊಂದು ಬಾಕಿ!"

ಭಾವ ಖುಬೂಸಿನ ಚೀಲ ಹಿಡಿದುಕೊಂಡೇ ಓಡಿಬಂದರು. ಜೋತುಬಿದ್ದ ಬಾಗಿಲನ್ನು ನೋಡಿದರು. ಚೀಲವನ್ನು ನನ್ನ ಕೈಗೆ ಕೊಟ್ಟರು. ಕನ್ನಡಕ ಏರಿಸಿ, ಬಾಗಿಲನ್ನು ಒಮ್ಮೆ ಎತ್ತಿ, ಒಮ್ಮೆ ಇಳಿಸಿ, ಕೀಲಿಗೆ ಕಣ್ಣಿಟ್ಟು ನೋಡಿದರು. ಆಮೇಲೆ ನೆಲಕ್ಕೆ ಕೂತು ಸ್ಟೌವಿನ ಅಡಿ, ಫ್ರಿಜ್ಜಿನ ಅಡಿ ಕೈಯಾಡಿಸಿ ಸ್ಕ್ರೂ ಹುಡುಕಿದರು. ಎದ್ದಾಗ ಮೊಣಕಾಲಿನ ತುಂಬ ಹಿಟ್ಟು, ಮುಖದ ತುಂಬ ಬೆಳಕು.

"ಸ್ಕ್ರೂವೇ ಹೋಗಿದೆ. ಇದು ಸಣ್ಣ ಕೆಲಸ ಅಲ್ಲ. ಕೀಲೇ ಬದಲಿಸಬೇಕಾದೀತು" ಎಂದವರು ಸ್ವರ ತಗ್ಗಿಸಿ ಅಕ್ಕನನ್ನು ಕೇಳಿದರು. "ಏಜೆಂಟ್ ಏನಾದ್ರೂ ಹೇಳ್ತಾನಾ?"

"ಅವ ಎಂತ ಹೇಳುದು? ಇದು ನಮ್ಮ ಮನೆ. ನೀವು ಮಾಡಿ."

ಭಾವ ಆಗಲೇ ಶೂ ಹಾಕಿಕೊಳ್ಳುತ್ತಿದ್ದರು. ಇಂಥ ಸ್ಕ್ರೂ ಇಲ್ಲೆಲ್ಲ ಸಿಗುವುದಿಲ್ಲ, ಶುವೈಖ್‌ಗೇ ಹೋಗಬೇಕು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅಕ್ಕ ಬಾಗಿಲಿನವರೆಗೆ ಬಂದಳು.

"ಸರಿಯಾಗಿ ಹುಡುಕಿ ತನ್ನಿ. ಅವಸರ ಇಲ್ಲ."

ಹೇಳುವಾಗ ಅವಳ ಬಲಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ನಾನು ಖುಬೂಸಿನ ಚೀಲ ಕೆಳಗಿಟ್ಟು ಕಾರಿನ ಕೀ ತೆಗೆದುಕೊಂಡೆ.